ಮನೆಯಲ್ಲಿ ಮಾಡಿದ ಕೋವಿ ಮತ್ತು ಕಾಡುಹಂದಿ: ಗಡಿನಾಡಿನ ಕೃಷಿಕನ ಮುಂದಿರುವ ಪ್ರಶ್ನೆ

ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಕಾರಡ್ಕ, ದೇಲಂಪಾಡಿ ಮುಂತಾದ ಪಂಚಾಯತುಗಳ ಅಡಕೆ ತೋಟಗಳಲ್ಲಿ ಕಾಡುಹಂದಿಯ ಹಾವಳಿ ಈಗ ಸುದ್ದಿಯೇ ಅಲ್ಲವೆನ್ನುವಷ್ಟು ಹಳತಾಗಿದೆ. ಹೊಸದಾಗಿ ನೆಟ್ಟ ಅಡಕೆ ಸಸಿ, ಬಾಳೆಯ ಕಂದು, ಮರಗೆಣಸು, ಸುವರ್ಣಗೆಡ್ಡೆ ಇವೆಲ್ಲ ಒಂದೇ ರಾತ್ರಿಯಲ್ಲಿ ಬುಡಮೇಲಾಗುತ್ತವೆ. 2025ರ ಡಿಸೆಂಬರಿನ ಚುನಾವಣೆಯ ಬಳಿಕ ಕೇರಳದ ಸ್ಥಳೀಯಾಡಳಿತ ಸಂಸ್ಥೆಗಳಲ್ಲಿ ಹೊಸ ಆಡಳಿತ ಸಮಿತಿಗಳು ಅಧಿಕಾರಕ್ಕೆ ಬಂದಿವೆ. ಬೆಳೆಗೂ ಜೀವಕ್ಕೂ ಅಪಾಯ ತರುವ ಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರ 2022ರಿಂದ ಪಂಚಾಯತು ಅಧ್ಯಕ್ಷರ ಕೈಗೆ ಬಂದಿರುವುದರಿಂದ, ಈ ಹೊಸಬರ ಮುಂದೆ ಬರುವ ಮೊದಲ ಮನವಿಗಳಲ್ಲಿ ಹಂದಿಯ ವಿಷಯವೂ ಇರುವುದು ಖಂಡಿತ. ಆದರೆ ಅನುಮತಿ ಪತ್ರ ಹಂದಿಯನ್ನು ಕೊಲ್ಲುವುದಿಲ್ಲ. ಕೋವಿ ಬೇಕು, ಅದಕ್ಕೆ ಪರವಾನಗಿ ಬೇಕು, ಗುರಿಯಿಡಬಲ್ಲ ಕೈ ಬೇಕು. ಈ ಮೂರೂ ಒಂದೆಡೆ ದೊರೆಯುವ ಊರುಗಳು ವಿರಳ.

ಈ ಕೊರತೆಯ ಎಡೆಯಲ್ಲಿಯೇ ಕಳ್ಳಕೋವಿ ತಲೆಯೆತ್ತುತ್ತದೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯನ್ನು ಗುಟ್ಟಾಗಿ ಮಾಡಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಮೊಬೈಲಿನಲ್ಲಿ ಅಮೆರಿಕದ ಹವ್ಯಾಸಿಗಳು ತಮ್ಮ ಮನೆಯ ಕಾರ್ಯಾಗಾರದಲ್ಲಿ ಬೋಲ್ಟ್ ಬಂದೂಕನ್ನು ಜೋಡಿಸುವುದನ್ನೂ, ಖಾಲಿ ತೋಟಾ ಹೊರಬೀಳದಿದ್ದರೆ ಏನು ಮಾಡಬೇಕೆಂಬುದನ್ನೂ ಯಾರು ಬೇಕಾದರೂ ನೋಡಬಹುದು. ನೋಡಿದವರಿಗೆ ಇದು ಪಂಪಿನ ವಾಷರು ಬದಲಿಸಿದಷ್ಟೇ ಸಲೀಸಾದ ಕೆಲಸವೆಂದು ತೋರುತ್ತದೆ. ಲೇತ್ ಯಂತ್ರದ ಮುಂದೆ ನಿಲ್ಲಬಲ್ಲ ಹುಡುಗನೊಬ್ಬ ಊರಿನಲ್ಲಿದ್ದರಂತೂ ಮಾತು ಮುಂದುವರಿಯುತ್ತದೆ. ಆದಕಾರಣ ‘ಖಾಲಿ ತೋಟಾ ಏಕೆ ಕಚ್ಚಿಕೊಳ್ಳುತ್ತದೆ’ ಎಂಬ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಳ್ಳುವುದು ಲೇಸು. ಅದರ ಉತ್ತರ ತಿಳಿದರೆ, ಮನೆಯಲ್ಲಿ ಮಾಡಿದ ಕೋವಿಯನ್ನು ದೂರವಿಡಬೇಕೆಂಬುದಕ್ಕೆ ಕಾನೂನಿನ ಭಯವೊಂದೇ ಕಾರಣವಲ್ಲವೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬೋಲ್ಟ್ ಬಂದೂಕಿನ ಹಿಂಬದಿಯಲ್ಲಿ ಬಾಗಿಲಿನ ಅಗಳಿಯನ್ನು ಹೋಲುವ ಉಕ್ಕಿನ ದಂಡವೊಂದಿರುತ್ತದೆ. ಅದನ್ನು ಮುಂದೆ ತಳ್ಳಿ ತಿರುವಿದಾಗ ತೋಟಾ ನಳಿಗೆಯ ಹಿಂತುದಿಯ ಗೂಡಿನಲ್ಲಿ ಕೂರುತ್ತದೆ. ದಂಡದ ಮೇಲಿನ ಗಟ್ಟಿ ಹಲ್ಲುಗಳು ಚೌಕಟ್ಟಿನ ತೋಡುಗಳಲ್ಲಿ ಸಿಕ್ಕಿ ಬಾಗಿಲು ಭದ್ರವಾಗುತ್ತದೆ. ಈಡು ಹಾರಿದ ಬಳಿಕ ಹಿಡಿಯನ್ನು ಮೇಲಕ್ಕೆತ್ತಿದಾಗ ಇಳಿಜಾರಾದ ಅಂಚೊಂದು ದಂಡವನ್ನು ಕೂದಲೆಳೆಯಷ್ಟು ಹಿಂದಕ್ಕೆ ಮೀಟಿ, ಕಚ್ಚಿಕೊಂಡ ತೋಟಾವನ್ನು ಸಡಿಲಿಸುತ್ತದೆ. ಅನಂತರ ಹಿಂದಕ್ಕೆಳೆದಾಗ ತೋಟಾದ ಹಿಂಭಾಗದ ಅಂಚನ್ನು ಹಿಡಿದ ಪುಟ್ಟ ಕೊಕ್ಕೆಯು ಅದನ್ನು ಗೂಡಿನಿಂದ ಎಳೆದು ತರುತ್ತದೆ. ಎಳೆತದ ಕೊನೆಯಲ್ಲಿ ಒಂದು ಮೊಳೆ ಅಥವಾ ಅಲಗು ತೋಟಾದ ಬೆನ್ನಿಗೆ ಒತ್ತಿ ಅದನ್ನು ಪಕ್ಕಕ್ಕೆ ಎಸೆಯುತ್ತದೆ. ಎಳೆಯುವುದು ಒಂದು ಕೆಲಸ, ಎಸೆಯುವುದು ಇನ್ನೊಂದು. 1898ರ ಮೌಸರ್ ಮಾದರಿಯಲ್ಲಿ ಈ ಎಸೆಯುವ ಅಲಗು ಚೌಕಟ್ಟಿಗೇ ಸೇರಿದ್ದು. ದಂಡವನ್ನು ಎಷ್ಟು ಬಿರುಸಾಗಿ ಎಳೆದರೆ ತೋಟಾ ಅಷ್ಟು ದೂರ ಹಾರುತ್ತದೆ. ರೆಮಿಂಗ್ಟನ್ 700ರಂಥ ಬಂದೂಕುಗಳಲ್ಲಿ ದಂಡದ ಮುಖದೊಳಗೇ ಸ್ಪ್ರಿಂಗಿನ ಮೊಳೆಯೊಂದು ಕುಳಿತು ಸದಾ ಒತ್ತುತ್ತಿರುತ್ತದೆ.

ಹೀಗಿರುವಾಗ ‘ತೋಟಾ ಹೊರಬರುತ್ತಿಲ್ಲ’ ಎಂಬ ಒಂದೇ ದೂರಿನೊಳಗೆ ಬೇರೆ ಬೇರೆ ರೋಗಗಳು ಅಡಗಿರಬಲ್ಲವು. ಗೂಡಿನಿಂದ ಹೊರಬಂದ ತೋಟಾ ಎಸೆಯಲ್ಪಡದೆ ಅಲ್ಲೇ ಬಿದ್ದುಕೊಂಡರೆ ಎಸೆಯುವ ಮೊಳೆ ಗಿಡ್ಡವಾಗಿರಬಹುದು, ಸ್ಪ್ರಿಂಗ್ ಸೋತಿರಬಹುದು, ಮೊಳೆಯ ತೂತಿನಲ್ಲಿ ಹಿತ್ತಾಳೆಯ ಚೂರು ಸಿಕ್ಕಿರಬಹುದು. ದುರ್ಬೀನನ್ನು ತೀರ ತಗ್ಗಾಗಿ ಕೂರಿಸಿದ್ದರೆ ಹಾರಿದ ತೋಟಾ ಅದಕ್ಕೆ ಬಡಿದು ಮರಳಿ ಒಳಗೇ ಬೀಳುವುದೂ ಉಂಟು. ನಡುದಾರಿಯಲ್ಲಿ ಜಾರಿಬಿದ್ದರೆ ಕೊಕ್ಕೆಯ ಹಿಡಿತ ಸಾಲದು. ಇವು ಕಿರುಕುಳದ ದೋಷಗಳು, ಪ್ರಾಣಕ್ಕೆ ಎರವಾಗುವಂಥವಲ್ಲ. ತೋಟಾ ಗೂಡನ್ನೇ ಬಿಡದೆ ಕಚ್ಚಿ ಕುಳಿತಾಗ ಮಾತ್ರ ವಿಷಯ ಬೇರೆಯಾಗುತ್ತದೆ. ಅದಕ್ಕೆ ಕಾರಣ ನಮ್ಮ ಮಕ್ಕಳ ಭೌತಶಾಸ್ತ್ರದ ಪಾಠದಲ್ಲಿರುವ ಸ್ಥಿತಿಸ್ಥಾಪಕತೆ.

ತೋಟಾದ ಕವಚ ಸುಮಾರು 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಹಿತ್ತಾಳೆ. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡಕ್ಕೆ ಅದು ಬಲೂನಿನಂತೆ ಉಬ್ಬಿ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟುವುದರಿಂದಲೇ ಅನಿಲ ಹಿಂದಕ್ಕೆ, ಎಂದರೆ ಕೋವಿ ಹಿಡಿದವನ ಮುಖದತ್ತ, ನುಗ್ಗದೆ ಮುಂದಕ್ಕೆ ಹೋಗುತ್ತದೆ. ಒತ್ತಡ ಇಳಿದೊಡನೆ ಹಿತ್ತಾಳೆ ತುಸು ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಗೂಡು ಅಳತೆಗಿಂತ ದೊಡ್ಡದಿದ್ದರೆ ಅಥವಾ ಒತ್ತಡ ಮಿತಿಮೀರಿದರೆ ಹಿತ್ತಾಳೆ ತನ್ನ ಸ್ಥಿತಿಸ್ಥಾಪಕ ಮಿತಿಯನ್ನು ದಾಟಿ ಹಿಗ್ಗುತ್ತದೆ, ಮತ್ತೆ ಸಾಕಷ್ಟು ಕುಗ್ಗುವುದಿಲ್ಲ. ಉಕ್ಕು ಮೆತ್ತಗಿದ್ದರೆ ಗೂಡೇ ಹಿಗ್ಗಿ ಮರಳಿ ತೋಟಾವನ್ನು ಅದುಮುತ್ತದೆ. ಒಳಮೈ ಒರಟಾಗಿದ್ದರೆ ಹಿತ್ತಾಳೆ ಆ ಗೀರುಗಳೊಳಕ್ಕೇ ಹರಿದು ಕೂರುತ್ತದೆ. ದಂಡಕ್ಕೂ ತೋಟಾದ ಬೆನ್ನಿಗೂ ನಡುವಿನ ಸಂದು ಹೆಚ್ಚಿದ್ದರೆ ಕವಚ ಉದ್ದಕ್ಕೆ ಎಳೆಯಲ್ಪಟ್ಟು, ಹಿಂಬದಿಗೆ ಸಮೀಪದಲ್ಲಿ ತೆಳುವಾಗಿ, ಒಂದು ದಿನ ಅಲ್ಲೇ ತುಂಡಾಗುತ್ತದೆ.

ಒತ್ತಡವೆಂದರೆ ಎಷ್ಟು? ಕಾರಿನ ಟಯರಿನೊಳಗಿರುವುದು ಎರಡು ವಾತಾವರಣಕ್ಕಿಂತ ತುಸು ಹೆಚ್ಚು. ನೀರಿನ ಕಬ್ಬಿಣದ ಕೊಳವೆ ಹತ್ತಾರು ವಾತಾವರಣವನ್ನು ತಾಳುವಂತೆ ಮಾಡಿದ್ದು. ಹನ್ನೆರಡು ಬೋರಿನ ಸಾಮಾನ್ಯ ಕೋವಿಯ ಗೂಡಿನಲ್ಲಿ ಅದು 700ರ ಆಸುಪಾಸು ಏರುತ್ತದೆ. ‘ತ್ರೀ ನಾಟ್ ತ್ರೀ’ ಎಂದು ನಾವೆಲ್ಲ ಬಲ್ಲ ಪೊಲೀಸರ ಹಳೆಯ ಬಂದೂಕಿನಲ್ಲಿ 3,000 ವಾತಾವರಣವನ್ನು ದಾಟುತ್ತದೆ. ಕೊಳವೆಯನ್ನೋ ವಾಹನದ ಸವೆದ ಶಾಫ್ಟನ್ನೋ ತಂದು ನಳಿಗೆ ಮಾಡುವವನ ಕೈಯಲ್ಲಿ ಆ ಉಕ್ಕಿನ ಗುಣವನ್ನು ತಿಳಿಯುವ ಸಾಧನವಿಲ್ಲ, ಹದಗೊಳಿಸುವ ಕುಲುಮೆಯಿಲ್ಲ, ಗೂಡಿನ ಆಳವನ್ನು ಪರೀಕ್ಷಿಸುವ ಅಳತೆಕಡ್ಡಿಗಳಿಲ್ಲ. ಆದುದರಿಂದ ಅವನ ಕೋವಿಯಲ್ಲಿ ತೋಟಾ ಕಚ್ಚಿಕೊಳ್ಳುವುದನ್ನು ಸರಿಪಡಿಸಬೇಕಾದ ತೊಡಕು ಎಂದು ಎಣಿಸುವುದೇ ತಪ್ಪು. ಅದು ಕೋವಿ ತಾನಾಗಿ ಕೊಡುತ್ತಿರುವ ಎಚ್ಚರಿಕೆ. ಗೂಡನ್ನು ಇನ್ನಷ್ಟು ಉಜ್ಜಿ, ಎಣ್ಣೆ ಸವರಿ, ಕೊಕ್ಕೆಯನ್ನು ಗಟ್ಟಿಮಾಡಿ ತೋಟಾ ಹೇಗೋ ಹೊರಬರುವಂತೆ ಮಾಡಿದರೆ ಎಚ್ಚರಿಕೆಯ ಗಂಟೆಯ ನಾಲಗೆ ಕಿತ್ತಂತೆ. ಎಣ್ಣೆ ಸವರಿದ ಗೂಡಿನಲ್ಲಿ ಹಿತ್ತಾಳೆ ಗೋಡೆಯನ್ನು ಹಿಡಿಯಲಾರದೆ ಹಿಂದಿನ ಅಗಳಿಯ ಮೇಲೆ ಇನ್ನೂ ಬಲವಾಗಿ ಬಡಿಯುತ್ತದೆ. ಅಗಳಿ ಬಿಟ್ಟುಕೊಟ್ಟ ದಿನ ಉಕ್ಕಿನ ದಂಡ ಎತ್ತ ಹಾರುವುದೆಂದು ಹೇಳಬೇಕಾಗಿಲ್ಲ. ಗುರಿಯಿಡುವವನ ಕಣ್ಣು ಅದರ ನೇರ ಹಿಂದೆಯೇ ಇರುತ್ತದೆ.

ಕಾರ್ಖಾನೆಗಳೇ ಈ ವಿಷಯದಲ್ಲಿ ಎಡವಿದ ಇತಿಹಾಸವಿದೆ. ಬ್ರಿಟಿಷರ ಮಾರ್ಟಿನಿ–ಹೆನ್ರಿ ಬಂದೂಕಿನ ಮೊದಲ ತೋಟಾಗಳು ತೆಳು ಹಿತ್ತಾಳೆಯ ಹಾಳೆಯನ್ನು ಸುತ್ತಿ ಮಾಡಿದವು. ಸುಡಾನಿನ ಬಿಸಿಲು ಮತ್ತು ಮರಳಿನಲ್ಲಿ, 1885ರ ಜನವರಿಯ ಅಬು ಕ್ಲೀ ಕಾಳಗದಲ್ಲಿ, ಅವು ಗೂಡಿನಲ್ಲಿ ಸಿಕ್ಕಿಕೊಂಡು ಸೈನಿಕರನ್ನು ಕಂಗೆಡಿಸಿದವು. ಅನಂತರ ಒಂದೇ ತುಂಡು ಹಿತ್ತಾಳೆಯಿಂದ ಎಳೆದು ಮಾಡಿದ ಗಟ್ಟಿ ತೋಟಾ ಬಳಕೆಗೆ ಬಂದಿತು. ಇದಕ್ಕಿಂತ ಪ್ರಸಿದ್ಧವಾದುದು ಕೆನಡಾದ ರಾಸ್ ಬಂದೂಕಿನ ಕಥೆ. ಗುರಿಯ ಪಂದ್ಯಗಳಲ್ಲಿ ಹೆಸರು ಗಳಿಸಿದ್ದ, ನಯವಾದ ಬಂದೂಕು ಅದು. ಹಿಡಿಯನ್ನು ತಿರುವದೆ ನೇರವಾಗಿ ಎಳೆದರೆ ಸಾಕಿತ್ತು. 1915ರಲ್ಲಿ ಈಪ್ರ್ ಕಾಳಗದ ಕಂದಕಗಳಲ್ಲಿ, ಕೆಸರಿನ ನಡುವೆ, ಅಳತೆಯಲ್ಲಿ ತುಸು ಹೆಚ್ಚುಕಡಮೆಯಿದ್ದ ಬ್ರಿಟಿಷ್ ತೋಟಾಗಳನ್ನು ಹಾಕಿ ಸತತ ಹಾರಿಸಿದಾಗ ಅದರ ಅಗಳಿ ಬಿಗಿದುಕೊಂಡಿತು. ಸೈನಿಕರು ಬೂಟುಗಾಲಿನಿಂದ ಒದ್ದು ಅದನ್ನು ತೆರೆಯಬೇಕಾಯಿತು. ಸಚಿವ ಸ್ಯಾಮ್ ಹ್ಯೂಸ್ ಕೊನೆಯವರೆಗೂ ರಾಸ್ ಬಂದೂಕಿನ ಪರವಾಗಿ ವಾದಿಸಿದರೂ 1916ರಲ್ಲಿ ಕೆನಡಾ ಅದನ್ನು ಕೈಬಿಟ್ಟು ಲೀ–ಎನ್‌ಫೀಲ್ಡ್ ಬಂದೂಕಿಗೆ ಮರಳಿತು. ಇಂಜಿನಿಯರುಗಳು, ಪರೀಕ್ಷಕರು, ಸರಕಾರದ ಬೊಕ್ಕಸ ಎಲ್ಲ ಇದ್ದಲ್ಲಿಯೂ ಆದ ಗತಿ ಇದು.

ಈ ಕಾರಣದಿಂದಲೇ ಬಂದೂಕು ಮಾರಾಟಕ್ಕೆ ಬರುವ ಮುನ್ನ ಅದರ ಸಾಮಾನ್ಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡದ ತೋಟಾ ಹಾಕಿ, ಮನುಷ್ಯ ದೂರ ನಿಂತು, ಹಾರಿಸಿ ನೋಡುವ ಪದ್ಧತಿ ಬೆಳೆಯಿತು. ಲಂಡನ್ನಿನ ಬಂದೂಕು ತಯಾರಕರ ಸಂಘ 17ನೆಯ ಶತಮಾನದಿಂದ, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಿಂದ ಈ ಕೆಲಸ ಮಾಡುತ್ತಿವೆ. ಭಾರತದಲ್ಲಿಯೂ ಪರವಾನಗಿ ಪಡೆದ ತಯಾರಕರು ತಮ್ಮ ಕೋವಿಗಳನ್ನು ಹೀಗೆ ಪರೀಕ್ಷೆಗೊಳಪಡಿಸಿ ಗುರುತು ಹಾಕಿಸಿಯೇ ಮಾರಬೇಕು. ಕಳ್ಳಕೋವಿಗೆ ಇರುವ ಏಕೈಕ ಪರೀಕ್ಷಾಗೃಹವೆಂದರೆ ಅದನ್ನು ಮೊದಲು ಹಾರಿಸುವವನ ಹೆಗಲು.

ಅಮೆರಿಕದಲ್ಲಿ ಜನ ಬಹಿರಂಗವಾಗಿ ಬಂದೂಕು ಮಾಡುತ್ತಾರಲ್ಲ ಎಂಬ ಪ್ರಶ್ನೆ ಸಹಜ. ಅಲ್ಲಿ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಬೇಕಾದುದು ಬಂದೂಕು ತಯಾರಿಕೆಯನ್ನು ವ್ಯಾಪಾರವಾಗಿ ನಡೆಸುವವರಿಗೆ. ನಿಷೇಧಕ್ಕೊಳಗಾಗದ ವ್ಯಕ್ತಿ ತನ್ನ ಸ್ವಂತ ಬಳಕೆಗಾಗಿ ಒಂದನ್ನು ಮಾಡಿಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ತಡೆಯುವುದಿಲ್ಲ. ಅಲ್ಲಿನ ಹವ್ಯಾಸಿ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ಚೌಕಟ್ಟನ್ನೂ ನಳಿಗೆಯನ್ನೂ ಕೊಂಡು ಜೋಡಿಸುತ್ತಾನೆ. ಸಂದೇಹ ಬಂದರೆ ಅಳತೆಕಡ್ಡಿಗಳಿರುವ ನುರಿತ ಕಮ್ಮಾರನಲ್ಲಿಗೆ ಹೋಗುತ್ತಾನೆ. ಅಲ್ಲಿಯೂ ಕ್ರಮಾಂಕವಿಲ್ಲದ, ಬಿಡಿಭಾಗಗಳಿಂದ ಜೋಡಿಸಿದ ಬಂದೂಕುಗಳ ಹಾವಳಿ ಹೆಚ್ಚಿ, 2022ರಲ್ಲಿ ಕೇಂದ್ರ ಸರಕಾರ ಅವುಗಳ ಕಿಟ್ಟುಗಳಿಗೂ ನಿಯಮ ತಂದಿತು. 2025ರ ಮಾರ್ಚಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ಆ ನಾಡಿನ ವೀಡಿಯೋ ನೋಡಿ ಈ ನಾಡಿನಲ್ಲಿ ಕೈಹಾಕುವವನಿಗೆ ಅಲ್ಲಿನ ಬಿಡಿಭಾಗವೂ ದೊರೆಯುವುದಿಲ್ಲ, ಅಲ್ಲಿನ ಕಾನೂನೂ ಅನ್ವಯಿಸುವುದಿಲ್ಲ.

ನಮ್ಮ ಕಾನೂನು ನಿಚ್ಚಳವಾಗಿದೆ. 1959ರ ಆಯುಧ ಕಾಯ್ದೆಯ 3ನೆಯ ಕಲಮು ಕೋವಿಯನ್ನು ಇಟ್ಟುಕೊಳ್ಳಲು ಪರವಾನಗಿ ಬೇಕೆನ್ನುತ್ತದೆ. 5ನೆಯ ಕಲಮು ತಯಾರಿಕೆ, ಮಾರಾಟ, ಮಾರ್ಪಾಡುಗಳ ಜತೆಗೆ ದುರಸ್ತಿಯನ್ನೂ ಪರೀಕ್ಷೆಯನ್ನೂ ಅದೇ ಸಾಲಿಗೆ ಸೇರಿಸಿದೆ. ಕಚ್ಚಿಕೊಂಡ ತೋಟಾವನ್ನು ಬಿಡಿಸಿ ಗೂಡನ್ನು ಸರಿಮಾಡಿಕೊಡುವ ವರ್ಕ್‌ಶಾಪಿನ ಹುಡುಗನೂ ಈ ಕಲಮಿನ ತೆಕ್ಕೆಗೆ ಬರುತ್ತಾನೆಂಬುದನ್ನು ತಂದೆತಾಯಂದಿರು ಗಮನಿಸಬೇಕು. 2019ರ ತಿದ್ದುಪಡಿಯ ಬಳಿಕ ಅಕ್ರಮ ತಯಾರಿಕೆಗೆ ಕನಿಷ್ಠ ಶಿಕ್ಷೆ 7 ವರ್ಷ, ಗರಿಷ್ಠ ಜೀವಾವಧಿ. ಐಟಿಐ ಮುಗಿಸಿ ಇನ್ನೂ ಮೀಸೆ ಮೂಡುತ್ತಿರುವ ತರುಣನಿಗೆ ‘ಒಂದು ಸಣ್ಣ ಕೆಲಸವಿದೆ’ ಎಂದು ಹಿರಿಯರೊಬ್ಬರು ಹೇಳಿದಾಗ ಅವನ ಮುಂದೆ ತೆರೆದಿಟ್ಟದ್ದು ಈ 7 ವರ್ಷ.

ಇದೇ ಕಾಯ್ದೆಯಲ್ಲಿ ಕೃಷಿಕನಿಗೆ ಅನುಕೂಲವಾದ ಮಾತೂ ಇದೆ. ಆದರೆ ಅದನ್ನು ಬಲ್ಲವರು ಕಡಮೆ. 13ನೆಯ ಕಲಮಿನ 3ನೆಯ ಉಪಕಲಮಿನ ಪ್ರಕಾರ ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೂ, ರಕ್ಷಣೆಗಾಗಿ 20 ಇಂಚಿಗೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಗೂ ಅರ್ಜಿ ಸಲ್ಲಿಸುವವರನ್ನು ಕಾನೂನು ಬೇರೆಯೇ ವರ್ಗವಾಗಿ ಕಾಣುತ್ತದೆ. ಇಂಥ ಅರ್ಜಿಗೆ ಪರವಾನಗಿ ನೀಡಬೇಕೆಂಬುದೇ ನಿಯಮ. ನಿರಾಕರಿಸಬೇಕಾದರೆ ಅರ್ಜಿದಾರನ ಅನರ್ಹತೆ, ಸಾರ್ವಜನಿಕ ಶಾಂತಿ ಮುಂತಾಗಿ 14ನೆಯ ಕಲಮಿನಲ್ಲಿ ಹೇಳಿದ ಕಾರಣಗಳಿರಬೇಕು. ಬೆಳೆ ಕಾಯಲು ಬಾಯಿಮದ್ದಿನ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯದಕ್ಕೇ ಪರವಾನಗಿ ಕೊಡಬಹುದು. ಸುರುಳಿಗೆರೆಯ ನಳಿಗೆಯಿರುವ ಬೋಲ್ಟ್ ಬಂದೂಕಿಗೆ ಈ ಸೌಲಭ್ಯವಿಲ್ಲ. ಅದಕ್ಕೆ ತಕ್ಕ ಕಾರಣವಿದೆಯೆಂದು ಅರ್ಜಿದಾರನೇ ಮನಗಾಣಿಸಬೇಕು. ನೆತ್ತಿಯ ಮೇಲೆ ಮನೆ, ಬುಡದಲ್ಲಿ ಶಾಲೆ, ನಡುವೆ ತೋಟ ಇರುವ ನಮ್ಮ ಗುಡ್ಡದೂರುಗಳಲ್ಲಿ ಕಿಲೋಮೀಟರುಗಟ್ಟಲೆ ಹಾರುವ ಗುಂಡು ಬೇಕಾಗಿಯೂ ಇಲ್ಲ.

ಕಾಡುಹಂದಿಯ ಕಾನೂನು ಬೇರೆ ದಾರಿಯದು. 2022ರ ತಿದ್ದುಪಡಿಯ ಬಳಿಕ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು 2ನೆಯ ಅನುಸೂಚಿಯಲ್ಲಿದೆ. ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದರೆ 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಅದನ್ನು ಕೊಲ್ಲಲು ಲಿಖಿತ ಅನುಮತಿ ನೀಡಬಹುದು. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಸ್ಥಳೀಯಾಡಳಿತಕ್ಕೆ ಹಂಚಿ, ಅಧ್ಯಕ್ಷರನ್ನು ಗೌರವ ವನ್ಯಜೀವಿ ಪಾಲಕರನ್ನಾಗಿ ಮಾಡಿತು. ಕೋವಿ ಬಳಸುವುದಾದರೆ ಅದಕ್ಕೆ ಪರವಾನಗಿಯಿರಬೇಕು. ವಿಷ, ಸಿಡಿಮದ್ದು, ವಿದ್ಯುತ್ತು ಸಲ್ಲವು. 62ನೆಯ ಕಲಮಿನಡಿ ಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಸಾರಬೇಕೆಂಬ ಕೇರಳದ ಬೇಡಿಕೆಯನ್ನು ಕೇಂದ್ರ ಒಪ್ಪಲಿಲ್ಲ. 2025ರ ಅಕ್ಟೋಬರಿನಲ್ಲಿ ವಿಧಾನಸಭೆ ಆ ಅಧಿಕಾರವನ್ನು ರಾಜ್ಯಕ್ಕೇ ತರುವ ತಿದ್ದುಪಡಿ ವಿಧೇಯಕವನ್ನು ಅಂಗೀಕರಿಸಿತು. ಅದು ಕೇಂದ್ರ ಕಾಯ್ದೆಯ ತಿದ್ದುಪಡಿಯಾದುದರಿಂದ ರಾಷ್ಟ್ರಪತಿಯವರ ಅಂಕಿತವಿಲ್ಲದೆ ಕಾನೂನಾಗದು. ‘ಇನ್ನು ಯಾರು ಬೇಕಾದರೂ ಹೊಡೆಯಬಹುದು’ ಎಂಬ ಮಾತು ಚಹದಂಗಡಿಗಳಲ್ಲಿ ಹಬ್ಬುವುದುಂಟು. ಆ ವಿಧೇಯಕ ನಾಳೆಯೇ ಜಾರಿಗೆ ಬಂದರೂ ಪರವಾನಗಿಯಿಲ್ಲದ ಕೋವಿ ಪರವಾನಗಿಯದಾಗುವುದಿಲ್ಲ. ಅದು ಆಯುಧ ಕಾಯ್ದೆಯ ಮಾತು.

ಕೋವಿ ಸಿಕ್ಕದವರು ಹಿಡಿದ ಅಡ್ಡದಾರಿಗಳ ಫಲವನ್ನು ಕೇರಳ ಕಂಡಿದೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ಕಾಯನ್ನು ಕಚ್ಚಿ ಬಾಯಿ ಒಡೆದ ಬಸುರಿ ಆನೆ ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. 2025ರ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ, ಹಂದಿಗೆಂದು ಯಾರೋ ಅಕ್ರಮವಾಗಿ ಹಾಯಿಸಿದ್ದ ವಿದ್ಯುತ್ ತಂತಿ ತಗಲಿ, ಮೀನು ಹಿಡಿಯಲು ಹೋಗಿದ್ದ 15 ವರ್ಷದ ಶಾಲಾ ಬಾಲಕ ಪ್ರಾಣ ಕಳೆದುಕೊಂಡನು. ಹಂದಿಯ ದಾರಿಗೆ ದಾರ ಕಟ್ಟಿ ಇಡುವ ಕಳ್ಳಕೋವಿಯೂ ಇದೇ ಜಾತಿಯದು. ತೋಟದ ಅಂಚಿನ ಕಾಲುದಾರಿಯಲ್ಲಿ ಮುಂಜಾನೆ ಹಾಯುವವರಲ್ಲಿ ಹಾಲಿನ ಸೊಸೈಟಿಗೆ ಹೋಗುವ ತಾಯಿಯೂ ಟ್ಯೂಷನ್ನಿಗೆ ಹೊರಟ ಮಗುವೂ ಇದ್ದಾರೆಂಬುದನ್ನು ಆ ದಾರ ತಿಳಿಯದು.

ತಮಿಳುನಾಡಿನ ತಾಳವಾಡಿಯ ಕನ್ನಡಿಗರ ಪಾಡು ಇನ್ನೊಂದು ಬಗೆಯದು. ಅಲ್ಲಿನ ಸರಕಾರ 2025ರ ಆರಂಭದಲ್ಲಿ ಪ್ರಕಟಿಸಿದ ಕ್ರಮದಂತೆ ಕಾಯ್ದಿಟ್ಟ ಅರಣ್ಯದಿಂದ 3 ಕಿಲೋಮೀಟರಿನ ಆಚೆ ಬಂದ ಹಂದಿಯನ್ನು ಅರಣ್ಯ ಸಿಬ್ಬಂದಿ ಗುಂಡಿಟ್ಟು ಕೊಲ್ಲಬಹುದು. 1ರಿಂದ 3 ಕಿಲೋಮೀಟರಿನ ನಡುವೆ ಹಿಡಿದು ಸಾಗಿಸಬಹುದು. 1 ಕಿಲೋಮೀಟರಿನ ಒಳಗೆ ಎರಡೂ ಇಲ್ಲ. ಸತ್ಯಮಂಗಲದ ಹುಲಿ ಅಭಯಾರಣ್ಯಕ್ಕೆ ಬೆನ್ನು ಹಚ್ಚಿಕೊಂಡೇ ಬೇಸಾಯ ಮಾಡುವ ತಾಳವಾಡಿಯ ರೈತನಿಗೆ ಈ ಅಳತೆಪಟ್ಟಿ ಹೆಚ್ಚಾಗಿ ಶೂನ್ಯವನ್ನೇ ತೋರಿಸುತ್ತದೆ. ಅತ್ತ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರಿನವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಮಾನ್ಯಮಾಡಿತು. ಪಾಣತ್ತೂರಿನ ಗುಡ್ಡ ಹತ್ತಿದರೆ ಕೊಡಗು. ಆದರೆ ಆ ವಿನಾಯಿತಿ ಗಡಿ ದಾಟಿ ಈಚೆ ಇಳಿಯುವುದಿಲ್ಲ, ಅಲ್ಲಿಯೂ ಅದು ಇಟ್ಟುಕೊಳ್ಳುವುದಕ್ಕೇ ಹೊರತು ಮನೆಯಲ್ಲಿ ತಯಾರಿಸುವುದಕ್ಕಲ್ಲ. ನೆಂಟರ ಮನೆಯಿಂದ ‘ಒಂದು ವಾರಕ್ಕೆ’ ಕೋವಿ ತರುವವರು ಈ ಗೆರೆಯನ್ನು ನೆನಪಿಡಬೇಕು.

ಇನ್ನು ಭಾಷೆಯ ಪ್ರಶ್ನೆ. ಪರವಾನಗಿಯ ಅರ್ಜಿ ಕೇಂದ್ರ ಗೃಹ ಸಚಿವಾಲಯದ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿದೆ; ಹಂದಿಯ ಕುರಿತ ಆದೇಶಗಳು ಮಲೆಯಾಳದಲ್ಲಿವೆ. ಕನ್ನಡ ಶಾಲೆಯಲ್ಲಿ ಓದಿ ಕೃಷಿಗೆ ಇಳಿದ ಮನುಷ್ಯ ಇವೆರಡರ ನಡುವೆ ಮಧ್ಯವರ್ತಿಯ ಕೈಗೆ ಬೀಳುತ್ತಾನೆ. ಎರಡು ಸಲ ಅರ್ಜಿ ತಿರಸ್ಕೃತವಾದ ಮೇಲೆ ಕಳ್ಳಕೋವಿಯವನು ಸುಲಭದವನಾಗಿ ಕಾಣುತ್ತಾನೆ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದೊಡನೆ ನಾವು ಶಾಲೆ, ಅಧ್ಯಾಪಕರ ನೇಮಕ, ನಾಮಫಲಕ ಇವನ್ನಷ್ಟೇ ಮುಂದಿಡುವುದು ರೂಢಿಯಾಗಿದೆ. ಹೊಲದ ಬದಿಯಲ್ಲಿ ಕನ್ನಡಿಗನು ಕಾನೂನುಬಾಹಿರನಾಗುವುದಕ್ಕೆ ಅರ್ಜಿಯ ನಮೂನೆಯೂ ಕಾರಣವಾಗುತ್ತಿದೆಯೆಂಬುದು ಆ ಪಟ್ಟಿಯಲ್ಲಿ ಸೇರಿಲ್ಲ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೂ ತಿದ್ದುಪಡಿಯಾದ ರೂಪದಲ್ಲಿ, ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶವಿತ್ತಿದೆ. ಮನವಿ ಕನ್ನಡದಲ್ಲಿ ಬರಲಿ. ಪಂಚಾಯತಿನಲ್ಲಿ ಸ್ವೀಕೃತಿ ಪತ್ರ ಪಡೆಯಲಿ. ದಿನಾಂಕ, ನಷ್ಟವಾದ ಸಸಿಗಳ ಎಣಿಕೆ, ಹೊಲದ ಸರ್ವೆ ನಂಬ್ರ, ಚಿತ್ರ ಇವು ಅದರೊಡನಿರಲಿ. ಬೆಳೆ ರಕ್ಷಣೆಯ ಪರವಾನಗಿಗೆ ಅರ್ಜಿ ಹಾಕುವಾಗ ಇವೇ ಕಾಗದಗಳು ‘ನಿಜವಾದ’ ಅಗತ್ಯಕ್ಕೆ ಸಾಕ್ಷಿಯಾಗುತ್ತವೆ.

ಪಂಚಾಯತುಗಳಿಗೂ ಹೇಳಬೇಕಾದುದಿದೆ. ಪರವಾನಗಿಯುಳ್ಳ ಕೋವಿಗಾರರ ಪಟ್ಟಿ ಒಂದು ಪಂಚಾಯತಿನ ಕಡತದೊಳಗೇ ಉಳಿಯುವುದಕ್ಕಿಂತ ನೆರೆಯ ನಾಲ್ಕೈದು ಪಂಚಾಯತುಗಳು ಕೂಡಿ ಒಂದೇ ತಂಡವನ್ನು ಸಜ್ಜುಗೊಳಿಸುವುದು ಕಾರ್ಯಸಾಧ್ಯ. ಚುನಾವಣೆ ಬಂತೆಂದರೆ ಪರವಾನಗಿಯ ಕೋವಿಗಳೂ ಠಾಣೆಯ ಕಪಾಟು ಸೇರುತ್ತವೆ. ಹಂದಿಗೆ ನೀತಿಸಂಹಿತೆಯಿಲ್ಲ. ಇಂಥ ಅವಧಿಯಲ್ಲಿ ನೇಮಿತ ಕೋವಿಗಾರರಿಗೆ ವಿನಾಯಿತಿ ಕೋರಿ ಜಿಲ್ಲಾಡಳಿತದ ಪರಿಶೀಲನಾ ಸಮಿತಿಗೆ ಮುಂಚಿತವಾಗಿ ಪತ್ರ ಬರೆಯುವ ಕೆಲಸ ಪಂಚಾಯತಿನದು. ವಿದ್ಯುತ್ ಬೇಲಿಯನ್ನು ನಿಯಮಬದ್ಧವಾಗಿ, ಸೌರಶಕ್ತಿಯಿಂದ ಮಿಡಿಯುವ ಕಡಿಮೆ ಅಪಾಯದ ಯಂತ್ರದಿಂದ ಹಾಕಿಸಲು ಸಹಾಯಧನ ತರುವುದು ಕೋವಿಗಿಂತ ಹೆಚ್ಚು ಫಲ ಕೊಡಬಹುದು. ಕೋವಿ ಒಂದು ಹಂದಿಯನ್ನು ಕೊಲ್ಲುತ್ತದೆ, ಬೇಲಿ ಹಿಂಡನ್ನೇ ತಡೆಯುತ್ತದೆ.

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕೋವಿ ಉಳಿದಿರುವ ಕುಟುಂಬಗಳೂ ಇವೆ. ಪರವಾನಗಿ ಹೊಂದಿದ್ದವರು ತೀರಿಕೊಂಡರೆ ಅಥವಾ ಅವಧಿ ಮುಗಿದರೆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಠೇವಣಿಯಿಡಬೇಕೆಂದು 21ನೆಯ ಕಲಮು ಹೇಳುತ್ತದೆ. ಠೇವಣಿಯಿಟ್ಟ ಮಾತ್ರಕ್ಕೆ ಅದು ಕೈತಪ್ಪಿಹೋಗುವುದಿಲ್ಲ. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ರಶೀದಿ ತೆಗೆದುಕೊಂಡು ಜೋಪಾನವಾಗಿಡಬೇಕು. ತೋಟದಲ್ಲೋ ಗುಡ್ಡದಲ್ಲೋ ಹಾರದೆ ಬಿದ್ದ ತೋಟಾ, ಸುತ್ತಿಟ್ಟ ಸಿಡಿಮದ್ದು, ದಾರ ಕಟ್ಟಿದ ನಳಿಗೆ ಕಣ್ಣಿಗೆ ಬಿದ್ದರೆ ಮುಟ್ಟದೆ, ಕಲ್ಲೆಸೆಯದೆ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ದೊಡ್ಡವರಿಗೆ ತಿಳಿಸಬೇಕೆಂದೂ, ದೊಡ್ಡವರು 112ಕ್ಕೆ ಕರೆಮಾಡಬೇಕೆಂದೂ ಮಕ್ಕಳಿಗೆ ಶಾಲೆಯ ಬೆಳಗಿನ ಸಭೆಯಲ್ಲಿ ಹೇಳಿಕೊಡಲು ಯಾವ ಇಲಾಖೆಯ ಸುತ್ತೋಲೆಗೂ ಕಾಯಬೇಕಾಗಿಲ್ಲ. ಮಳೆಗಾಲ ಮುಗಿದು ಗುಡ್ಡದ ಹಾದಿ ತೆರೆಯುವ ಮುನ್ನ ರಕ್ಷಕ ಶಿಕ್ಷಕ ಸಂಘದ ಒಂದು ಸಭೆಯಲ್ಲಿ, ಪಂಚಾಯತು ಸದಸ್ಯರನ್ನೂ ಅರಣ್ಯ ಇಲಾಖೆಯ ಬೀಟ್ ಅಧಿಕಾರಿಯನ್ನೂ ಕರೆಸಿ, ಈ ಮಾತುಗಳನ್ನು ಕನ್ನಡದಲ್ಲಿಯೇ ಕೇಳಿಸಿಕೊಳ್ಳಬಹುದು.